1918ರ ಜ್ವರ ಮತ್ತು ಮುಂಬಯಿಯ ಗಿರಣಿ ಕೇರಿ

ಮೊದಲ ಮಹಾಯುದ್ಧದಲ್ಲಿ ಭಾರತದ ಸುಮಾರು 74 ಸಾವಿರ ಸೈನಿಕರು ಸತ್ತರು. ಅವರ ನೆನಪಿಗೆ ದಿಲ್ಲಿಯಲ್ಲಿ ಇಂಡಿಯಾ ಗೇಟ್ ಇದೆ. ಅದೇ ಯುದ್ಧದ ಕೊನೆಯ ವರ್ಷ, ಅಂದರೆ 1918ರಲ್ಲಿ, ಇನ್‌ಫ್ಲುಯೆಂಜಾ ಎಂಬ ಜ್ವರದಿಂದ ಭಾರತದಲ್ಲಿ ಸತ್ತವರು ಕಡಿಮೆಯೆಂದರೂ 1.2 ಕೋಟಿ. ಕೆಲವು ಸಂಶೋಧಕರ ಲೆಕ್ಕದಲ್ಲಿ ಇದು 1.8 ಕೋಟಿ ಮುಟ್ಟುತ್ತದೆ. ಜಗತ್ತಿನಲ್ಲಿ ಬೇರೆ ಯಾವ ದೇಶದಲ್ಲೂ ಆ ಜ್ವರ ಇಷ್ಟು ಜನರನ್ನು ತೆಗೆದುಕೊಂಡು ಹೋಗಲಿಲ್ಲ. ಆದರೂ ನಾವು ಶಾಲೆಯಲ್ಲಿ ಯುದ್ಧದ ಕಾರಣಗಳನ್ನು, ಪರಿಣಾಮಗಳನ್ನು ಬಾಯಿಪಾಠ ಮಾಡಿ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದೆವೇ ಹೊರತು, ಈ ಜ್ವರದ ಹೆಸರು ಕೇಳಿದ ನೆನಪು ನನಗಿಲ್ಲ. ಅದು ಗುರುಗಳ ತಪ್ಪಲ್ಲ. ಪುಸ್ತಕದಲ್ಲೇ ಇರಲಿಲ್ಲ.

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಕೇಳಿದಾಗ ಕಂಪ್ಯೂಟರ್ ಬಗ್ಗೆ, ಕೃತಕ ಬುದ್ಧಿಮತ್ತೆ ಬಗ್ಗೆ ಬರೆಯುತ್ತೀನೇನೋ ಎಂದು ಗುರುಗಳು ಅಂದುಕೊಂಡಿರಬೇಕು. ಆದರೆ ನನ್ನ ತಲೆಯಲ್ಲಿ ಕೆಲವು ವರ್ಷಗಳಿಂದ ಕೂತಿರುವುದು ಈ ವಿಷಯ. ಕೆಲಸದ ನಿಮಿತ್ತ ಎರಡು ವರ್ಷ ಮುಂಬಯಿಯ ಲೋವರ್ ಪರೇಲ್‌ನಲ್ಲಿದ್ದೆ. ನಮ್ಮ ಆಫೀಸು ಇದ್ದದ್ದು ಹಳೆಯ ಬಟ್ಟೆ ಗಿರಣಿಯೊಂದರ ಆವರಣದಲ್ಲಿ. ಗಾಜಿನ ಕಟ್ಟಡಗಳ ನಡುವೆ ಇನ್ನೂ ಒಂದು ಇಟ್ಟಿಗೆಯ ಚಿಮಣಿ ನಿಂತಿತ್ತು. ಅದರ ಇತಿಹಾಸ ಹುಡುಕುತ್ತ ಹೋದವನಿಗೆ 1918 ಸಿಕ್ಕಿತು. ಇನ್ನೊಂದು ಕಾರಣವೂ ಇದೆ. ಆಗ ನಮ್ಮ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ಕಾರವಾರದ ಕಡೆಯವರೂ ಅದೇ ಸರಕಾರದ ಕೈಕೆಳಗಿದ್ದರು. ಮುಂಬಯಿಗೆ ಬಂದದ್ದು ನಮ್ಮ ಮನೆ ಬಾಗಿಲಿಗೂ ಬರುತ್ತಿತ್ತು.

ಮೊದಲು ಆ ಕೇರಿಯ ಪರಿಚಯ. ಪರೇಲ್, ಲಾಲಬಾಗ್, ವರಳಿ, ಶಿವಡಿ, ಚಿಂಚಪೋಕಳಿ, ಭಾಯಖಳಾ, ಇಷ್ಟೂ ಸೇರಿ ಜನರ ಬಾಯಲ್ಲಿ ‘ಗಿರಣಗಾಂವ್’, ಅಂದರೆ ಗಿರಣಿಗಳ ಊರು. ನಗರದಲ್ಲಿ ಆಗ 80ಕ್ಕೂ ಹೆಚ್ಚು ಬಟ್ಟೆ ಗಿರಣಿಗಳಿದ್ದವು, ಅವುಗಳಲ್ಲಿ ದುಡಿಯುವವರು ಒಂದು ಲಕ್ಷಕ್ಕೂ ಮಿಕ್ಕಿ. ಬಹಳಷ್ಟು ಜನ ರತ್ನಾಗಿರಿ, ಸಾತಾರಾ ಕಡೆಯವರು. ನಮ್ಮ ಭಾಗದವರು ಹೆಚ್ಚಾಗಿ ಹೋಗುತ್ತಿದ್ದದ್ದು ಸೊಲ್ಲಾಪುರದ ಗಿರಣಿಗಳಿಗೆ, ಅದು ಹತ್ತಿರ. ಮಳೆ ಕೈಕೊಟ್ಟ ವರ್ಷ ಮಾತ್ರ ಯಾವ ಊರಾದರೇನು, ಕೂಲಿ ಸಿಕ್ಕರೆ ಸಾಕು ಎಂದು ರೈಲು ಹತ್ತಿದವರು ಮುಂಬಯಿಯವರೆಗೂ ಹೋಗುತ್ತಿದ್ದರು.

ಗಿರಣಿಯಲ್ಲಿ ಗಂಡಸರಿಗೆ ದಿನಕ್ಕೆ 12 ತಾಸು ಕೆಲಸ. 1911ರ ಕಾನೂನು ಬಂದ ಮೇಲೆಯೇ ಇದು 12ಕ್ಕೆ ಇಳಿದದ್ದು. ನೂಲು ಹರಿಯಬಾರದೆಂದು ಒಳಗೆಲ್ಲ ತೇವದ ಗಾಳಿ, ಹತ್ತಿಯ ಧೂಳು. ಸಂಬಳ ತಿಂಗಳಿಗೊಮ್ಮೆ, ಅದೂ ಮುಂದಿನ ತಿಂಗಳು ಅರ್ಧ ಕಳೆಯುವ ಹೊತ್ತಿಗೆ. ಕೆಲಸಕ್ಕೆ ಸೇರಿಸುವುದೂ ತೆಗೆಯುವುದೂ ಜಾಬರ್ ಎಂಬ ಮೇಸ್ತ್ರಿಯ ಕೈಯಲ್ಲಿ. ಒಂದು ದಿನ ಬರದಿದ್ದರೆ ಬಾಗಿಲಲ್ಲಿ ‘ಬದಲಿ’ಗಳು ಕಾಯುತ್ತಿದ್ದರು. ಅಂದರೆ ಜ್ವರ ಬಂದವನು ಮಲಗಿದರೆ ಕೂಲಿಯೂ ಹೋಯಿತು, ಜಾಗವೂ ಹೋಗಬಹುದು. ರೋಗ ಬಂದಾಗ ಸಂಬಳ ಕೊಡುವ ಇಎಸ್‌ಐ ಕಾನೂನು ಬಂದದ್ದು 1948ರಲ್ಲಿ, 30 ವರ್ಷಗಳ ನಂತರ.

ಇನ್ನು ವಾಸ. ಚಾಳ್ ಎಂದರೆ ಮೂರು ನಾಲ್ಕು ಅಂತಸ್ತಿನ ಉದ್ದನೆಯ ಕಟ್ಟಡ, ಪಡಸಾಲೆಯ ಉದ್ದಕ್ಕೂ ಸಾಲಾಗಿ ಖೋಲಿಗಳು, ಒಂದು ಕೊನೆಗೆ ನಳ, ಇನ್ನೊಂದು ಕೊನೆಗೆ ಪಾಯಖಾನೆ. ಆ ಕಾಲದಲ್ಲಿ ಮುಂಬಯಿಯ ಮೂರರಲ್ಲಿ ಎರಡು ಪಾಲು ಜನ ಒಂದೇ ಕೋಣೆಯ ಮನೆಯಲ್ಲಿದ್ದರು. ಗಿರಣಿ ಕೇರಿಯಲ್ಲಿ ಒಂದೊಂದು ಖೋಲಿಯಲ್ಲಿ ಒಂದೇ ಊರಿನ ಏಳೆಂಟು ಗಂಡಸರು ಪಾಳಿಯ ಮೇಲೆ ಮಲಗುವುದು ಸಾಮಾನ್ಯವಾಗಿತ್ತು. ಹೆಂಡತಿ ಮಕ್ಕಳು ಊರಲ್ಲಿ. ಊಟ ಖಾನಾವಳಿಯಲ್ಲಿ. ಖಾನಾವಳಿ ನಡೆಸುವವಳು ಸಾಮಾನ್ಯವಾಗಿ ಅದೇ ಚಾಳಿನ ಒಬ್ಬ ಹೆಂಗಸು. ಈ ಹೆಂಗಸಿನ ಮಾತು ಮುಂದೆ ಮತ್ತೆ ಬರುತ್ತದೆ.

1918ರ ಮೇ ಕೊನೆಗೆ ಯುದ್ಧದಿಂದ ಮರಳುವ ಸೈನಿಕರ ಹಡಗೊಂದು ಮುಂಬಯಿ ಬಂದರಿಗೆ ಬಂತು. ಜೂನ್ 10ರಂದು ಬಂದರಿನ ಕಾವಲಿಗಿದ್ದ ಏಳು ಜನ ಪೊಲೀಸ್ ಸಿಪಾಯಿಗಳು ಜ್ವರವೆಂದು ಆಸ್ಪತ್ರೆ ಸೇರಿದರು. ಮಲೇರಿಯಾ ಅಲ್ಲವೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಒಂದೆರಡು ವಾರದಲ್ಲಿ ಹಡಗು ಕಂಪನಿಯ ನೌಕರರು, ಪೋರ್ಟ್ ಟ್ರಸ್ಟಿನವರು, ಬ್ಯಾಂಕಿನ ಗುಮಾಸ್ತರು, ತಂತಿ ಕಚೇರಿಯವರು, ಟಂಕಸಾಲೆಯವರು, ಕೊನೆಗೆ ರೇಚಲ್ ಸಸೂನ್ ಗಿರಣಿಯ ಕೆಲಸಗಾರರು, ಹೀಗೆ ಒಬ್ಬೊಬ್ಬರಾಗಿ ಮಲಗಿದರು. ಈ ಪಟ್ಟಿಯನ್ನು ನೋಡಿದರೆ ಜ್ವರ ಬಂದರಿನಿಂದ ಇಳಿದು, ಆಫೀಸು ಹೊಕ್ಕು, ಗಿರಣಿ ಬಾಗಿಲಿಗೆ ನಡೆದುಕೊಂಡು ಬಂದ ದಾರಿಯೇ ಕಾಣುತ್ತದೆ. ಜುಲೈ ಮೊದಲ ವಾರ ನಗರದಲ್ಲಿ ದಿನಕ್ಕೆ ಸುಮಾರು 230 ಜನ ಸಾಯುತ್ತಿದ್ದರು.

ಎಲ್ಲಿಂದ ಬಂತು ಎಂಬ ಜಗಳ ಆಗಲೇ ಶುರುವಾಗಿತ್ತು. ನಗರಪಾಲಿಕೆಯ ಆರೋಗ್ಯಾಧಿಕಾರಿ ಡಾ. ಜೆ.ಎ. ಟರ್ನರ್ ಇದು ಸೈನಿಕರ ಹಡಗಿನಿಂದ ಇಳಿದ ರೋಗ ಎಂದರು. ಮೇಲಿನ ಸರಕಾರ ಒಪ್ಪಲಿಲ್ಲ. ಹಡಗಿನವರಿಗೇ ಮುಂಬಯಿಯಲ್ಲಿ ಅಂಟಿತು, ಈ ಊರಿನ ಹೊಲಸೇ ಕಾರಣ ಎಂದಿತು. ಯುದ್ಧ ನಡೆಸುತ್ತಿದ್ದ ಸರಕಾರಕ್ಕೆ ತನ್ನ ಹಡಗನ್ನು ದೂರಲು ಹೇಗೆ ಸಾಧ್ಯ? ಕೆಲವು ಕಡೆ ಈ ರೋಗದ ಹೆಸರೇ ‘ಬಾಂಬೆ ಜ್ವರ’ ಎಂದಾಯಿತು. ರೋಗಕ್ಕೆ ಊರಿನ ಹೆಸರಿಡುವ ಚಾಳಿ ಹೊಸದಲ್ಲ. ಅದೇ ಜ್ವರಕ್ಕೆ ಯುರೋಪಿನಲ್ಲಿ ಸ್ಪೇನಿನ ಹೆಸರು ಅಂಟಿತ್ತು, ಅದು ಸ್ಪೇನಿನಲ್ಲಿ ಹುಟ್ಟಿದ್ದಲ್ಲದಿದ್ದರೂ. ಸ್ಪೇನ್ ಯುದ್ಧದಲ್ಲಿರಲಿಲ್ಲ, ಅಲ್ಲಿನ ಪತ್ರಿಕೆಗಳು ಸುದ್ದಿ ಮುಚ್ಚಿಡಲಿಲ್ಲ, ಅಷ್ಟೇ ಅದರ ತಪ್ಪು. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಜನ ಇಟ್ಟ ಹೆಸರು ‘ಮಾನಮೋಡಿ’, ಕುತ್ತಿಗೆ ಮುರಿಯುವ ರೋಗ. ವೈದ್ಯರ ಪುಸ್ತಕಕ್ಕಿಂತ ಈ ಹೆಸರೇ ಹೆಚ್ಚು ಹೇಳುತ್ತದೆ.

ಜುಲೈ ಕಳೆಯುವ ಹೊತ್ತಿಗೆ ಜ್ವರ ತಗ್ಗಿತು. ಮುಗಿಯಿತು ಎಂದುಕೊಂಡರು. ಆದರೆ ಆ ವರ್ಷ ಇನ್ನೊಂದು ಕಡೆಯಿಂದ ಪೆಟ್ಟು ಬಿತ್ತು. ಮಳೆ ಕೈಕೊಟ್ಟಿತು. ದಖ್ಖನಿನ ಜಿಲ್ಲೆಗಳಲ್ಲಿ ಮುಂಗಾರು ಬೆಳೆ ಒಣಗಿತು. ಯುದ್ಧದಿಂದ ಮೊದಲೇ ಏರಿದ್ದ ಜೋಳ, ಅಕ್ಕಿ, ಬಟ್ಟೆ, ಸೀಮೆಎಣ್ಣೆಯ ಬೆಲೆ ಇನ್ನೂ ಏರಿತು. ಗಿರಣಿ ಮಾಲೀಕರಿಗೆ ಯುದ್ಧಕಾಲದಲ್ಲಿ ಒಳ್ಳೆಯ ಲಾಭ, ಕೂಲಿ ಮಾತ್ರ ಬೆಲೆಯ ಹಿಂದೆ ಓಡಿ ಸೋತಿತ್ತು. ಬರದ ಹಳ್ಳಿಗಳಿಂದ ಹೊಸ ಜನ ಬೇರೆ ನಗರಕ್ಕೆ ಬಂದು ಅದೇ ಖೋಲಿಗಳಲ್ಲಿ ತುಂಬಿಕೊಂಡರು. ಅರೆಹೊಟ್ಟೆಯ ಈ ಜನರ ಮೇಲೆ ಸೆಪ್ಟೆಂಬರಿನಲ್ಲಿ ಜ್ವರ ಎರಡನೇ ಸಲ ಎರಗಿತು.

ಎರಡನೇ ಅಲೆಗೂ ಮೊದಲನೆಯದಕ್ಕೂ ಹೋಲಿಕೆಯೇ ಇಲ್ಲ. ಮೊದಲನೆಯದರಲ್ಲಿ ಜ್ವರ ಬಂದ ಬಹುತೇಕರು ಮೂರು ನಾಲ್ಕು ದಿನಕ್ಕೆ ಎದ್ದು ಕೂತಿದ್ದರು. ಎರಡನೆಯದು ನೇರ ಶ್ವಾಸಕೋಶಕ್ಕೆ ಇಳಿಯಿತು. ಸಾಮಾನ್ಯವಾಗಿ ಇಂಥ ಜ್ವರ ಮುದುಕರನ್ನು, ಕೂಸುಗಳನ್ನು ಒಯ್ಯುತ್ತದೆ. ಇದು ಹೆಚ್ಚಾಗಿ ಒಯ್ದದ್ದು 20ರಿಂದ 40ರ ವಯಸ್ಸಿನವರನ್ನು, ಅಂದರೆ ಮನೆ ನಡೆಸುವವರನ್ನು. 1918ರ ಅಕ್ಟೋಬರ್ 6, ಭಾನುವಾರ. ಮಹಾಲಯ ಅಮಾವಾಸ್ಯೆ ಆಗಷ್ಟೇ ಕಳೆದು ನವರಾತ್ರಿ ಹಿಡಿದ ಸಮಯ. ಅದೊಂದೇ ದಿನ ಮುಂಬಯಿಯಲ್ಲಿ 768 ಜನ ಸತ್ತರು. ಇಪ್ಪತ್ತು ವರ್ಷ ಪ್ಲೇಗಿನಲ್ಲಿ ಬೆಂದ ನಗರ ಅದು. ಆದರೆ ಪ್ಲೇಗಿನ ಕೆಟ್ಟ ದಿನಗಳಲ್ಲೂ ಇಷ್ಟು ಹೆಣ ಬಿದ್ದಿರಲಿಲ್ಲ. ಆಗಿನ ಜನಸಂಖ್ಯೆ ಸುಮಾರು ಹತ್ತು ಲಕ್ಷವೆಂಬುದನ್ನು ನೆನಪಿಡಬೇಕು.

ಇಲ್ಲಿಯವರೆಗಿನದು ನಗರದ ಕತೆ. ಇನ್ನು ಕೇರಿಯ ಕತೆ.

ನನ್ನ ವೃತ್ತಿಯಲ್ಲಿ ದಿನವೂ ಅಂಕಿ ಅಂಶಗಳೊಡನೆ ಏಗಬೇಕು. ಹೊಸದಾಗಿ ಸೇರಿದ ಹುಡುಗರಿಗೆ ನಾವು ಮೊದಲು ಹೇಳಿಕೊಡುವುದು ಸರಾಸರಿಯನ್ನು ನಂಬಬೇಡಿ, ಒಡೆದು ನೋಡಿ ಎಂದು. ಮುಂಬಯಿಯ ಸಾವುಗಳನ್ನು ಆಗಿನ ಅಧಿಕಾರಿಗಳೇ ಸಮುದಾಯವಾರು ಒಡೆದು ಬರೆದಿಟ್ಟಿದ್ದಾರೆ. ಸಾವಿರ ಜನರಿಗೆ ಈ ಜ್ವರದಿಂದ ಸತ್ತವರು ಯುರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9. ಆಂಗ್ಲೋ ಇಂಡಿಯನ್ನರಲ್ಲಿ 11.9, ಭಾರತೀಯ ಕ್ರೈಸ್ತರಲ್ಲಿ 18.4, ಸವರ್ಣ ಹಿಂದೂಗಳಲ್ಲಿ 18.9, ಮುಸ್ಲಿಮರಲ್ಲಿ 19.2. ಇಲ್ಲಿಯವರೆಗೆ ಅಂಕಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆಮೇಲಿನ ಸಾಲು, ವರದಿಯ ಭಾಷೆಯಲ್ಲಿ ‘ಕೆಳಜಾತಿಯ ಹಿಂದೂಗಳು’: 61.6.

ಮೊದಲ ಸಲ ಇದನ್ನು ನೋಡಿದಾಗ ಅಚ್ಚಿನ ತಪ್ಪಿರಬೇಕು ಎನಿಸಿತು. ಅಲ್ಲ. ನಾನು ಓದುವಾಗ ನಮ್ಮ ಶಾಲೆಯಲ್ಲಿ ಸುಮಾರು 320 ಮಕ್ಕಳಿದ್ದೆವು. ಬೆಳಗಿನ ಪ್ರಾರ್ಥನೆಗೆ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿದ್ದದ್ದು ಎಲ್ಲರಿಗೂ ನೆನಪಿರಬಹುದು. ಅಷ್ಟು ಜನರಲ್ಲಿ ಯುರೋಪಿಯನ್ನರ ಲೆಕ್ಕದಂತೆ ಹೋದರೆ ಇಬ್ಬರೋ ಮೂವರೋ ಇಲ್ಲವಾಗುತ್ತಾರೆ. ಕೊನೆಯ ಸಾಲಿನ ಲೆಕ್ಕದಂತೆ ಇಪ್ಪತ್ತು ಜನ, ಹೆಚ್ಚುಕಡಿಮೆ ಒಂದು ಸಾಲೇ ಖಾಲಿ. ಅದೂ ಕೆಲವೇ ವಾರಗಳಲ್ಲಿ.

ಜ್ವರದ ವಿಷಾಣುವಿಗೆ ಜಾತಿ ಗೊತ್ತಿಲ್ಲ. ಹಾಗಾದರೆ ಏಳು ಪಟ್ಟು ವ್ಯತ್ಯಾಸ ಎಲ್ಲಿಂದ ಬಂತು? ಗಿರಣಿಯೊಳಗೆ ಹೋಗಿ ನೋಡಿದರೆ ಸ್ವಲ್ಪ ತಿಳಿಯುತ್ತದೆ. ನಮ್ಮ ಇಳಕಲ್ಲು, ಬನಹಟ್ಟಿ ಕಡೆಯ ನೇಕಾರರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಗಿರಣಿಯ ಮಗ್ಗದಲ್ಲಿ ಲಾಳಿಯ ಕಂಡಿಕೆ ಮುಗಿದಾಗ ಹೊಸದನ್ನು ಹಾಕಿ ಎಳೆಯ ತುದಿಯನ್ನು ಬಾಯಿಂದ ಹೀರಿ ಹೊರಗೆ ತೆಗೆಯಬೇಕಿತ್ತು. ಒಬ್ಬರು ಬಾಯಿ ಹಚ್ಚಿದ ಲಾಳಿಯನ್ನು ಇನ್ನೊಬ್ಬರೂ ಮುಟ್ಟಬೇಕು. ಈ ಕಾರಣ ಮುಂದೆ ಮಾಡಿ ಅಸ್ಪೃಶ್ಯರೆನಿಸಿದವರನ್ನು ನೇಯ್ಗೆ ವಿಭಾಗದೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ನೇಯ್ಗೆಯಲ್ಲಿ ಕೂಲಿ ಹೆಚ್ಚು. ಅವರಿಗೆ ಉಳಿದದ್ದು ನೂಲುವ ವಿಭಾಗದ ಕಡಿಮೆ ಕೂಲಿಯ ಕೆಲಸ, ಇಲ್ಲವೇ ಗಿರಣಿಯ ಹೊರಗೆ ಬೀದಿ ಗುಡಿಸುವ, ಮಲ ಹೊರುವ ಕೆಲಸ. ಹತ್ತು ವರ್ಷದ ನಂತರ, 1928ರ ದೊಡ್ಡ ಮುಷ್ಕರದ ಕಾಲದಲ್ಲಿ, ಡಾ. ಅಂಬೇಡ್ಕರ್ ಈ ಪ್ರಶ್ನೆಯನ್ನು ಕಾರ್ಮಿಕ ಮುಖಂಡರ ಮುಂದೆಯೇ ಎತ್ತಿದರು. ಅವರಿಗೆ ಈ ಕೇರಿ ಹೊರಗಿನಿಂದ ನೋಡಿದ್ದಲ್ಲ. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿಗೆ ಪ್ರಾಧ್ಯಾಪಕರಾಗಿ ಸೇರಿದ ಅವರ ಮನೆ ಇದ್ದದ್ದು ಪರೇಲ್‌ನ ಟ್ರಸ್ಟ್ ಚಾಳಿನ ಪುಟ್ಟ ಖೋಲಿಗಳಲ್ಲಿ.

ಕೂಲಿ ಕಡಿಮೆಯಾದರೆ ಖೋಲಿ ಕಿರಿದು. ಖೋಲಿ ಕಿರಿದಾದರೆ ಒಬ್ಬನ ಕೆಮ್ಮು ಎಂಟು ಜನಕ್ಕೆ. ಆದರೆ ಇಷ್ಟೇ ಕಾರಣವೆಂದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಕಿರಿದಾದ ಖೋಲಿಗಳಲ್ಲಿ ಇತರರೂ ಇದ್ದರು. ಇದಕ್ಕೆ ಔಷಧವೇ ಇರಲಿಲ್ಲ ಎಂಬುದನ್ನು ಮೊದಲು ಗಮನಿಸಬೇಕು. ದೊಡ್ಡ ಬಂಗಲೆಯ ಸಾಹೇಬನಿಗೂ ಇರಲಿಲ್ಲ. ಬದುಕಿಸುತ್ತಿದ್ದದ್ದು ಆರೈಕೆ. ಬೆಚ್ಚನೆಯ ಹಾಸಿಗೆ, ಹೊತ್ತುಹೊತ್ತಿಗೆ ನೀರು, ಗಂಜಿ, ಜ್ವರ ಬಿಟ್ಟ ಮೇಲೂ ಒಂದು ವಾರ ಏಳದೆ ಮಲಗುವ ಅನುಕೂಲ. ಬಂಗಲೆಯಲ್ಲಿ ಇದಕ್ಕೆಲ್ಲ ಆಳುಗಳಿದ್ದರು. ಪಾರ್ಸಿಗಳಿಗೆ ತಮ್ಮದೇ ದತ್ತಿಗಳು, ದವಾಖಾನೆಗಳು ಇದ್ದವು. ಖೋಲಿಯಲ್ಲಿ ಎಂಟು ಜನರೂ ಒಟ್ಟಿಗೆ ಮಲಗಿದಾಗ ನಳದ ತನಕ ಹೋಗಿ ಒಂದು ಕೊಡ ನೀರು ತರುವವರು ಯಾರು? ಮುಟ್ಟಿಸಿಕೊಳ್ಳದ ಜನರ ಖೋಲಿಗೆ ನೀರು ಕೊಡಲು ಪಕ್ಕದ ಚಾಳಿನವರು ಬರುತ್ತಾರೆಯೇ? ಆ 61.6ರಲ್ಲಿ ಈ ಪ್ರಶ್ನೆಯ ಪಾಲು ಎಷ್ಟೆಂದು ಯಾವ ವರದಿಯೂ ಒಡೆದು ತೋರಿಸುವುದಿಲ್ಲ. ದೊಡ್ಡದೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಹೆಂಗಸರ ಮಾತು ಬರಬೇಕು. ಭಾರತದಲ್ಲಿ ಈ ಜ್ವರಕ್ಕೆ ಗಂಡಸರಿಗಿಂತ ಹೆಂಗಸರು ಹೆಚ್ಚು ಪ್ರಮಾಣದಲ್ಲಿ ಸತ್ತರು. ಬೇರೆ ದೇಶಗಳಲ್ಲಿ ಹೀಗಾಗಲಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳು ಅವಳು, ಜ್ವರದವರ ಪಕ್ಕ ಗಾಳಿಯಿಲ್ಲದ ಕೋಣೆಯಲ್ಲಿ ಹಗಲಿರುಳು ಕೂರುವವಳೂ ಅವಳು, ತನಗೇ ಜ್ವರ ಬಂದಾಗ ಒಲೆ ಹಚ್ಚಲು ಬೇರೆಯವರಿಲ್ಲದವಳೂ ಅವಳು. ಮೇಲೆ ಹೇಳಿದ ಖಾನಾವಳಿಯ ಹೆಂಗಸು ಮಲಗಿದಳೆಂದರೆ ಅವಳ ಕೈ ಅಡುಗೆಯ ಮೇಲೆ ಬದುಕಿದ್ದ ಹತ್ತು ಹದಿನೈದು ಗಂಡಸರು ಅದೇ ದಿನ ಉಪವಾಸ. ಗಿರಣಿ, ಮಾಲೀಕ, ಜಾಬರ್ ಬಗ್ಗೆ ಕಪಾಟುಗಟ್ಟಲೆ ಪುಸ್ತಕಗಳಿವೆ. ಕೇರಿಯ ಹೊಟ್ಟೆ ನಡೆದದ್ದು ಮಾತ್ರ ಇವರ ಒಲೆಯ ಮೇಲೆ.

ಸರಕಾರ ಏನು ಮಾಡಿತು? ಹೆಚ್ಚೇನೂ ಮಾಡಲಿಲ್ಲ. ಮಾಡಲಾಗದ ಕಾರಣಗಳೂ ಇದ್ದವು. ಸೇನಾ ವೈದ್ಯರು ಬಹಳಷ್ಟು ಮಂದಿ ಯುದ್ಧಕ್ಕೆ ಹೋಗಿದ್ದರು. ಇನ್ನೊಂದು ಹಳೆಯ ಗಾಯವೂ ಇತ್ತು. 1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಪ್ಲೇಗ್ ಕಾಣಿಸಿದಾಗ ಸರಕಾರ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದು ಮನೆಮನೆಗೆ ಸೈನಿಕರನ್ನು ನುಗ್ಗಿಸಿತ್ತು. ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಕೊಲೆಯಲ್ಲಿ ಅದು ಮುಗಿಯಿತು. ಆ ಪಾಠ ಕಲಿತ ಸರಕಾರ ಈ ಸಲ ಮನೆ ಬಾಗಿಲಿಗೇ ಬರಲಿಲ್ಲ. ಆಗ ಅತಿಯಾಗಿ ಮಾಡಿ ಕೆಡಿಸಿತು, ಈಗ ಏನೂ ಮಾಡದೆ ಕೆಡಿಸಿತು ಎಂದರೂ ಸರಿಯೇ. (ಅದೇ 1897ರ ಕಾಯಿದೆಯನ್ನು 2020ರ ಮಾರ್ಚಿನಲ್ಲಿ ಮತ್ತೆ ಹೊರತೆಗೆದದ್ದು ನಮಗೆಲ್ಲ ಗೊತ್ತು.) ಗಾಳಿ ಬೆಳಕಿರುವಲ್ಲಿ ಮಲಗಿ, ಗುಂಪು ಸೇರಬೇಡಿ, ವಿಶ್ರಾಂತಿ ತೆಗೆದುಕೊಳ್ಳಿ ಎಂಬ ಸಲಹೆಗಳು ಹೊರಟವು. ತಪ್ಪು ಸಲಹೆಗಳಲ್ಲ. ಆದರೆ ಗಿರಣಿ ಸಿಳ್ಳೆ ಹಾಕಿದರೆ ಓಡಬೇಕಾದವನಿಗೆ, ಎಂಟು ಜನರ ಖೋಲಿಯಲ್ಲಿ ಇರುವವನಿಗೆ ಅವು ಬೇರೆ ದೇಶದ ಸಲಹೆಗಳಂತೆ ಕೇಳಿಸಿರಬೇಕು.

ವಿಜ್ಞಾನದ ಕತೆಯೂ ಅದೇ ಕೇರಿಯಲ್ಲೇ ನಡೆಯಿತು. ಪ್ಲೇಗ್ ಲಸಿಕೆ ಕಂಡುಹಿಡಿದ ಹಾಫ್‌ಕಿನ್ ಕಟ್ಟಿದ ಪ್ರಯೋಗಾಲಯ 1899ರಿಂದ ಪರೇಲ್‌ನ ಹಳೆಯ ಗವರ್ನರ್ ಬಂಗಲೆಯಲ್ಲಿತ್ತು, ಗಿರಣಿಗಳ ನಟ್ಟನಡುವೆ. ಈಗಲೂ ಹಾಫ್‌ಕಿನ್ ಸಂಸ್ಥೆ ಅಲ್ಲೇ ಇದೆ. ಈ ಜ್ವರಕ್ಕೂ ಅಲ್ಲಿ ಲಸಿಕೆ ತಯಾರಿಸಿದರು. ಆದರೆ ಜಗತ್ತಿನ ವೈದ್ಯರೆಲ್ಲ ಆಗ ಈ ರೋಗಕ್ಕೆ ಒಂದು ಬಗೆಯ ಬ್ಯಾಕ್ಟೀರಿಯಾ ಕಾರಣವೆಂದು ನಂಬಿದ್ದರು. ನಿಜವಾದ ಕಾರಣ ವೈರಸ್. ಮನುಷ್ಯರ ಇನ್‌ಫ್ಲುಯೆಂಜಾ ವೈರಸನ್ನು ಲಂಡನ್ನಿನಲ್ಲಿ ಬೇರ್ಪಡಿಸಿ ಗುರುತಿಸಿದ್ದು 1933ರಲ್ಲಿ. ಹದಿನೈದು ವರ್ಷ ತಡ. ಇಂದು ಪರೇಲ್ ಎಂದರೆ ಜನ ಹೇಳುವ ಕೆಇಎಂ ಆಸ್ಪತ್ರೆಯೂ 1918ರಲ್ಲಿ ಇರಲಿಲ್ಲ, ಅದು ತೆರೆದದ್ದು 1926ರಲ್ಲಿ. ಅಂಟುರೋಗಗಳಿಗೆಂದು ಆರ್ಥರ್ ರಸ್ತೆಯ ಆಸ್ಪತ್ರೆಯೊಂದು ಇತ್ತು. ಆದರೆ ಮಲಗಿದ್ದು ಇಡೀ ಕೇರಿ.

ಬಾಗಿಲು ತಟ್ಟಿದವರು ಜನರೇ. ಸೋಶಿಯಲ್ ಸರ್ವಿಸ್ ಲೀಗ್ ಎಂಬ ಸಂಘವನ್ನು ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ್ದರು. ಮೊದಲು ಶಾಲಾ ಮಾಸ್ತರರಾಗಿದ್ದ ಇವರ ಸಂಘ ಗಿರಣಿ ಕೆಲಸಗಾರರಿಗೆ ರಾತ್ರಿ ಶಾಲೆ, ವಾಚನಾಲಯ ನಡೆಸುತ್ತಿತ್ತು. ಜ್ವರ ಬಂದಾಗ ಅದರ ಕಾರ್ಯಕರ್ತರು ಚಾಳುಗಳಿಗೆ ಔಷಧ, ಹಾಲು ಹೊತ್ತು ನಡೆದರು. ಬೇರೆ ಬೇರೆ ಸಮುದಾಯಗಳ ಸಂಘಗಳೂ, ಖಾಸಗಿ ವೈದ್ಯರೂ ಕೈಜೋಡಿಸಿದರು. ಸರಕಾರದ ವರದಿಗಳೇ ಈ ಸೇವೆಯನ್ನು ಒಪ್ಪಿಕೊಂಡಿವೆ. ಕೊಟ್ಟ ಔಷಧದಿಂದ ರೋಗ ವಾಸಿಯಾಗಿರಲಾರದು. ಹಾಲು, ಗಂಜಿ, ಒಂದು ಕಂಬಳಿ, ಬದುಕಿದ್ದೀಯಾ ಎಂದು ಬಾಗಿಲಲ್ಲಿ ಕೇಳುವ ಒಂದು ದನಿ, ಇವುಗಳಿಂದ ಎಷ್ಟೋ ಜನ ಉಳಿದಿರಬೇಕು.

ಇಲ್ಲೊಂದು ಸಣ್ಣ ತಿದ್ದುಪಡಿ. ಗಾಂಧೀಜಿಯವರಿಗೂ ಇದೇ ಜ್ವರ ಬಂದಿತ್ತೆಂದು ಕೊರೋನಾ ಕಾಲದಲ್ಲಿ ವಾಟ್ಸಾಪಿನಲ್ಲಿ ಬಹಳ ಓಡಾಡಿತು. ಅವರ ಆತ್ಮಕಥೆಯನ್ನೇ ತೆಗೆದು ಓದಿದರೆ, 1918ರಲ್ಲಿ ಅವರನ್ನು ಸಾವಿನ ಹತ್ತಿರ ಒಯ್ದದ್ದು ಆಮಶಂಕೆ. ಆದರೆ ಆ ಮನೆಯನ್ನು ಜ್ವರ ಬಿಡಲಿಲ್ಲ. ಅವರ ಹಿರಿಯ ಸೊಸೆ, ಹರಿಲಾಲರ ಪತ್ನಿ, ಅದೇ ವರ್ಷ ಈ ಜ್ವರಕ್ಕೆ ತೀರಿಕೊಂಡರು. ಹಿಂದಿಯ ಕವಿ ನಿರಾಲಾ ಅವರೂ ಪತ್ನಿಯನ್ನು ಕಳೆದುಕೊಂಡದ್ದು ಇದರಲ್ಲೇ.

ನವೆಂಬರಿನಲ್ಲಿ ಯುದ್ಧ ನಿಂತಿತು, ಜ್ವರವೂ ಇಳಿಯಿತು. ಕೇರಿ ಮಾತ್ರ ಮೊದಲಿನಂತೆ ಆಗಲಿಲ್ಲ. ಎರಡೇ ತಿಂಗಳಲ್ಲಿ, 1919ರ ಜನವರಿಯಲ್ಲಿ, ಗಿರಣಿಗಳು ಒಂದೊಂದಾಗಿ ನಿಂತು ಒಂದು ಲಕ್ಷಕ್ಕೂ ಹೆಚ್ಚು ಕೆಲಸಗಾರರು ಹೊರಗೆ ಬಂದರು. ಮುಂಬಯಿಯ ಎಲ್ಲ ಗಿರಣಿಗಳೂ ಒಟ್ಟಿಗೆ ನಿಂತದ್ದು ಅದೇ ಮೊದಲು. ಕೇಳಿದ್ದು ಕೂಲಿ ಹೆಚ್ಚಳ. ಮುಷ್ಕರಕ್ಕೆ ಜ್ವರವೇ ಕಾರಣ ಎಂದರೆ ಉತ್ಪ್ರೇಕ್ಷೆ. ತುಟ್ಟಿ ಕಾಲವೇ ಮುಖ್ಯ ಕಾರಣ. ಆದರೆ ಎರಡು ತಿಂಗಳ ಹಿಂದೆ ಅಣ್ಣನನ್ನೋ ಖೋಲಿಯ ಜೊತೆಗಾರನನ್ನೋ ಸುಡಗಾಡಿಗೆ ಹೊತ್ತು ಬಂದು, ಆ ದಿನದ ಕೂಲಿಯನ್ನೂ ಕಳೆದುಕೊಂಡವರು ಅವರು ಎಂಬುದನ್ನು ಮರೆತು ಆ ಮುಷ್ಕರವನ್ನು ಓದಬಾರದು. ಮರುವರ್ಷ, 1920ರ ಅಕ್ಟೋಬರಿನಲ್ಲಿ, ದೇಶದ ಮೊದಲ ಅಖಿಲ ಭಾರತ ಕಾರ್ಮಿಕ ಸಂಘಟನೆ ಎಐಟಿಯುಸಿ ಮುಂಬಯಿಯಲ್ಲೇ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಎನ್.ಎಂ. ಜೋಶಿಯವರೂ ಒಬ್ಬರು.

ಅದೇ 1920ರಲ್ಲಿ ಸರಕಾರ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಎಂಬ ಇಲಾಖೆ ತೆರೆದು ವರಳಿ, ನಾಯಗಾಂವ್, ಡಿಲೈಲ್ ರಸ್ತೆ, ಶಿವಡಿಗಳಲ್ಲಿ ಕೆಲಸಗಾರರಿಗೆಂದು 207 ಚಾಳುಗಳನ್ನು ಕಟ್ಟಿಸಿತು. ಇವೇ ಬಿಡಿಡಿ ಚಾಳುಗಳು. ಇಷ್ಟಾದ ಮೇಲೂ ಕಟ್ಟಿದ್ದೇನು? ಒಂದು ಕುಟುಂಬಕ್ಕೆ ಮತ್ತೆ ಅದೇ ಒಂದು ಖೋಲಿ, 160 ಚದರ ಅಡಿ. ಪಾಯಖಾನೆ ಮತ್ತೆ ಪಡಸಾಲೆಯ ಕೊನೆಗೆ. ನೂರು ವರ್ಷದ ನಂತರ 2020ರಲ್ಲಿ ಕೊರೋನಾ ಬಂದಾಗ ಮುಂಬಯಿಯಲ್ಲಿ ಮೊದಮೊದಲು ಹೆಚ್ಚು ರೋಗಿಗಳು ಸಿಕ್ಕ ಭಾಗಗಳಲ್ಲಿ ವರಳಿ, ಲೋವರ್ ಪರೇಲ್ ಇರುವ ವಾರ್ಡೂ ಒಂದು. ಡಿಲೈಲ್ ರಸ್ತೆಗೆ ಈಗ ಎನ್.ಎಂ. ಜೋಶಿ ಮಾರ್ಗ ಎಂದು ಹೆಸರು. ನಾನು ಎರಡು ವರ್ಷ ಆ ರಸ್ತೆಯಲ್ಲಿ ಓಡಾಡಿದೆ. ಜೋಶಿ ಯಾರೆಂದು ಆಫೀಸಿನಲ್ಲಿ ಕೇಳಿದರೆ ಹೇಳುವವರು ಸಿಗಲಿಲ್ಲ.

ಜ್ವರ ಆ ಕೇರಿಯಲ್ಲೇ ನಿಲ್ಲಲಿಲ್ಲ. ಕೆಲಸ ಬಿಟ್ಟು ಊರಿಗೆ ಓಡಿದವರ ಜೊತೆ ರೈಲು ಹತ್ತಿತು. ಮುಂಬಯಿಯಿಂದ ಪುಣೆ, ಸೊಲ್ಲಾಪುರ, ಹೋಟಗಿ. ಹೋಟಗಿಯಲ್ಲಿ ಗಾಡಿ ಬದಲಿಸಿದರೆ ಇಂಡಿ, ವಿಜಾಪುರ, ಬಾಗಲಕೋಟೆ, ಗದಗ. ಇತ್ತ ಪುಣೆಯಿಂದ ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ. ಜ್ವರ ಹರಡಲು ರೈಲೇ ಮುಖ್ಯ ದಾರಿಯಾಯಿತೆಂದು ಆಗಿನ ಅಧಿಕಾರಿಗಳು ಬರೆದಿದ್ದಾರೆ. ಮುಂಬಯಿ ಪ್ರಾಂತ್ಯ ಒಂದರಲ್ಲೇ ಸತ್ತವರು ಸುಮಾರು ಹತ್ತು ಲಕ್ಷ. ಮದ್ರಾಸ್ ಪ್ರಾಂತ್ಯಕ್ಕೆ ಹೋಲಿಸಿದರೆ ನಮ್ಮ ಕಡೆ ಸಾವಿನ ಪ್ರಮಾಣ ಮೂರು ಪಟ್ಟು. ಬರ, ರೈಲು, ಜ್ವರ ಮೂರೂ ಒಟ್ಟಿಗೆ ಬಂದ ಜಾಗ ನಮ್ಮದು. ಭಾರತದ ಜನಗಣತಿಯ ಇತಿಹಾಸದಲ್ಲಿ ಹತ್ತು ವರ್ಷಕ್ಕೊಮ್ಮೆ ಎಣಿಸಿದಾಗ ಜನಸಂಖ್ಯೆ ಹಿಂದಿಗಿಂತ ಕಡಿಮೆ ಬಂದದ್ದು ಒಂದೇ ಸಲ, 1921ರಲ್ಲಿ.

ಆದರೆ ಆ ಹತ್ತು ಲಕ್ಷದಲ್ಲಿ ನಮ್ಮ ಊರಿನವರು ಎಷ್ಟು, ಯಾವ ಓಣಿಯವರು, ಯಾವ ಮನೆಯವರು? ಪ್ರಾಂತ್ಯದ ಅಂಕಿಯೂ ಒಂದು ಸರಾಸರಿಯೇ, ಒಡೆದು ನೋಡಬೇಕು. ಆಗ ಹಳ್ಳಿಯ ಹುಟ್ಟು ಸಾವುಗಳನ್ನು ಊರಿನ ಅಧಿಕಾರಿಗಳೇ ಬರೆದಿಡುತ್ತಿದ್ದರು. ಅಂಥ ದಫ್ತರಗಳು ಕೆಲವು ವಾಡೆಗಳಲ್ಲಿ, ಮಠಗಳಲ್ಲಿ ಇನ್ನೂ ಗಂಟು ಕಟ್ಟಿಟ್ಟಂತೆ ಇರಬಹುದು. ಮನೆತನದ ವಂಶಾವಳಿಗಳಲ್ಲಿ ಶಕ 1840, ಕಾಳಯುಕ್ತಿ ಸಂವತ್ಸರ, ಆಶ್ವಯುಜ ಅಥವಾ ಕಾರ್ತಿಕ ಮಾಸ ಎಂದು ಬರೆದ ಸಾವುಗಳಿದ್ದರೆ ಅವು ಬಹುಶಃ ಈ ಜ್ವರದವು. ಒಂದೇ ಮನೆಯಲ್ಲಿ ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಹೆಸರುಗಳಿದ್ದರೆ ಸಂಶಯವೇ ಬೇಡ. ಬರೆಯುವ ರೂಢಿಯೇ ಇಲ್ಲದ ಮನೆಗಳವರು ಅಜ್ಜ ಅಜ್ಜಿ ಹೇಳಿದ್ದನ್ನು ನೆನಪಿಸಿಕೊಂಡು ಹೇಳಬೇಕು. ಅವೇ ಹೆಚ್ಚು ಮುಖ್ಯ, ಏಕೆಂದರೆ ಮೇಲಿನ 61.6 ಅಂಥ ಮನೆಗಳದ್ದು.

ಶಾಲೆಯ ಗ್ರಂಥಾಲಯದಲ್ಲಿ ಇದಕ್ಕೆಂದು ಒಂದು ದೊಡ್ಡ ನೋಟುಬುಕ್ ಇಡಲು ಸಮಾಜ ವಿಜ್ಞಾನದ ಗುರುಗಳು ಒಪ್ಪಿದ್ದಾರೆ. ಹೆಸರು, ವಯಸ್ಸು, ಓಣಿ, ಗೊತ್ತಿದ್ದರೆ ತಿಂಗಳು, ಇಷ್ಟು ಬರೆಸಿದರೆ ಸಾಕು. ಒಂಬತ್ತನೇ ತರಗತಿಯ ಮಕ್ಕಳು ಓಣಿಗಳಿಗೆ ಬಂದು ಬರೆದುಕೊಂಡು ಹೋಗುತ್ತಾರೆ. ದೀಪಾವಳಿ ರಜೆಯಲ್ಲಿ ನಾನೂ ಊರಿಗೆ ಬಂದು ಅವರ ಜೊತೆ ಇರುತ್ತೇನೆ.